ಇಸಿಇ ಓದಿದ್ದು ಹೀಗೆ: ಒಂದೇ ಪುಟ್ಟ ಸರ್ಕ್ಯೂಟ್ ಹಿಡಿದುಕೊಂಡು

ಎಲೆಕ್ಟ್ರಿಕಲ್ ಆಂಡ್ ಕಂಪ್ಯೂಟರ್ ಎಂಜಿನಿಯರಿಂಗ್ (ಇಸಿಇ) ಸೇರಿದವರನ್ನು ಮೊದಮೊದಲು ಕಾಡುವ ತೊಂದರೆ ಒಂದಿದೆ. ಸರ್ಕ್ಯೂಟ್ ಥಿಯರಿ, ಸಿಗ್ನಲ್ಸ್, ಡಿಜಿಟಲ್ ಲ್ಯಾಬ್, ಸಿ ಪ್ರೋಗ್ರಾಮಿಂಗ್ ಎಲ್ಲ ಒಟ್ಟಿಗೇ ಮೈಮೇಲೆ ಬೀಳುತ್ತವೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ ಅನಿಸುತ್ತದೆ. ನನಗೆ ಆ ಸಂಬಂಧ ಕಾಣಿಸಿದ್ದು ಕರೆಂಟ್ ತಡೆಯುವ ಒಂದು ರೆಸಿಸ್ಟರ್, ಚಾರ್ಜ್ ಹಿಡಿದಿಡುವ ಒಂದು ಕೆಪಾಸಿಟರ್ ಇರುವ ಸರ್ಕ್ಯೂಟ್‌ನಲ್ಲಿ. ಅದನ್ನೇ ಎಲ್ಲ ಕ್ಲಾಸಿಗೂ ತೆಗೆದುಕೊಂಡು ಹೋದೆ.

ಶುರುವಾಗಿದ್ದು ಪುಶ್ ಬಟನ್‌ನಿಂದ. ಮೈಕ್ರೋಕಂಟ್ರೋಲರ್‌ಗೆ, ಅಂದರೆ ಪ್ರೋಗ್ರಾಂ ಓಡಿಸುವ ಪುಟ್ಟ ಚಿಪ್‌ಗೆ, ಬಟನ್ ಜೋಡಿಸಿ, ಎಷ್ಟು ಸಲ ಒತ್ತಿದೆ ಎಂದು ಎಣಿಸುವ ಪ್ರೋಗ್ರಾಂ ಬರೆದೆ. ಒಮ್ಮೆ ಒತ್ತಿದರೆ ಎಣಿಕೆ ಮೂರೋ ನಾಲ್ಕೋ ಏರುತ್ತಿತ್ತು. ಕೋಡ್ ಸರಿಯಾಗೇ ಇತ್ತು. ವೋಲ್ಟೇಜ್ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಹಾಕಿ ನೋಡಿದಾಗ ಗೊತ್ತಾಯಿತು: ಬಟನ್ ಒಳಗಿನ ಲೋಹದ ಪಟ್ಟಿ ಒಂದೇ ಏಟಿಗೆ ಕೂರುವುದಿಲ್ಲ, ಕೆಲವು ಮಿಲಿಸೆಕೆಂಡ್ ಪುಟಿಯುತ್ತದೆ. ಬೆರಳಿಗೆ ಅದು ತಿಳಿಯುವುದಿಲ್ಲ. ಆದರೆ ಮೈಕ್ರೋಸೆಕೆಂಡಿನಲ್ಲಿ ಕೆಲಸ ಮುಗಿಸುವ ಚಿಪ್‌ಗೆ ಪ್ರತಿಸಲ ಪುಟಿದದ್ದೂ ಹೊಸದಾಗಿ ಒತ್ತಿದಂತೆಯೇ. ಇದಕ್ಕೇ ಬೌನ್ಸ್ ಅನ್ನುವುದು.

ಬಟನ್‌ಗೂ ಚಿಪ್‌ನ ಪಿನ್‌ಗೂ ನಡುವೆ 10 ಕಿಲೋಓಮ್ ರೆಸಿಸ್ಟರ್, ಪಿನ್‌ನಿಂದ ಗ್ರೌಂಡ್‌ಗೆ (ಸೊನ್ನೆ ವೋಲ್ಟ್ ಕಡೆಗೆ) 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆ. ಎರಡನ್ನೂ ಗುಣಿಸಿದರೆ 10 ಮಿಲಿಸೆಕೆಂಡ್. ಅದೇ ಟೈಮ್ ಕಾನ್‌ಸ್ಟಂಟ್. ಬಟನ್ ಒತ್ತಿ ಗ್ರೌಂಡ್‌ಗೆ ಸೇರಿಸಿದ ಮೇಲೆ ಅಷ್ಟು ಹೊತ್ತಿನಲ್ಲಿ ವೋಲ್ಟೇಜ್ ಸುಮಾರು 63% ಇಳಿಯುತ್ತದೆ. ನಡುವೆ ಪಟ್ಟಿ ಪುಟಿದರೂ ವೋಲ್ಟೇಜ್ ಸ್ವಲ್ಪ ಅಲುಗಾಡುತ್ತದೆ, ಅಷ್ಟೇ. ಹೀಗೆ ನಿಧಾನವಾಗಿ ಇಳಿಯುವ ವೋಲ್ಟೇಜನ್ನು 0 ಅಥವಾ 1 ಎಂದು ಖಚಿತವಾಗಿ ಹೇಳಲು ಶ್ಮಿಟ್ ಟ್ರಿಗರ್ ಇರುವ ಇನ್‌ಪುಟ್ ಬೇಕು. ಅದಕ್ಕೆ ಏರುವಾಗ ಒಂದು ಗಡಿ, ಇಳಿಯುವಾಗ ಇನ್ನೊಂದು.

ಸರ್ಕ್ಯೂಟ್ ಥಿಯರಿಯಲ್ಲಿ ಇದಕ್ಕೆ ಕರೆಂಟ್, ವೋಲ್ಟೇಜ್ ಲೆಕ್ಕ ಹೇಳುವ ಕಿರ್ಚಾಫ್ ನಿಯಮ ಬರೆದರೆ, ವೋಲ್ಟೇಜ್ ಎಷ್ಟು ಬೇಗ ಬದಲಾಗುತ್ತದೆ ಎಂದು ಹೇಳುವ ಡಿಫರೆನ್ಷಿಯಲ್ ಈಕ್ವೇಶನ್ ಬರುತ್ತದೆ. ಸಿಗ್ನಲ್ಸ್‌ನಲ್ಲಿ ಇದೇ ನಿಧಾನದ ಬದಲಾವಣೆ ಬಿಟ್ಟು ವೇಗದ್ದನ್ನು ತಡೆಯುವ ಲೋ ಪಾಸ್ ಫಿಲ್ಟರ್, ತಡೆ ಶುರುವಾಗುವ ಗಡಿ (ಕಟ್ ಆಫ್) ಸುಮಾರು 16 ಹರ್ಟ್ಸ್. ನನಗೆ ನಿಜಕ್ಕೂ ಖುಷಿ ಕೊಟ್ಟಿದ್ದು ಮುಂದಿನ ಹೆಜ್ಜೆ. ಕೆಪಾಸಿಟರ್ ಕಿತ್ತುಹಾಕಿ, ಪ್ರತಿ ಮಿಲಿಸೆಕೆಂಡಿಗೆ ಪಿನ್ ಓದಿ, ಕೋಡ್‌ನಲ್ಲಿ ಒಂದೇ ಸಾಲು ಬರೆದೆ: ಹೊಸ ರೀಡಿಂಗ್‌ನಿಂದ ಹಳೆಯ ಬೆಲೆ ಕಳೆದು, ಬಂದದ್ದರ ಹತ್ತನೇ ಒಂದು ಪಾಲನ್ನು ಹಳೆಯ ಬೆಲೆಗೆ ಸೇರಿಸು. ಆ ಈಕ್ವೇಶನ್ನನ್ನೇ ಮಿಲಿಸೆಕೆಂಡಿನ ತುಂಡುಗಳಾಗಿ ಮಾಡಿದರೆ ಸಿಗುವುದು ಇದೇ ಸಾಲು. ಎರಡು ಇಫ್ (if) ಷರತ್ತು ಹಾಕಿದರೆ ಶ್ಮಿಟ್ ಟ್ರಿಗರ್ ಕೂಡ ಕೋಡ್‌ಗೇ ಬಂತು! ಆಮೇಲೆ ಸಿಗ್ನಲ್ಸ್ ಪುಸ್ತಕ ತೆಗೆಯುವುದೆಂದರೆ ಇಷ್ಟವಾಗತೊಡಗಿತು.

ಸರ್ಕ್ಯೂಟ್ ಮತ್ತು ಲೆಕ್ಕ ಎಂಬ ಎರಡು ಲೋಕಗಳನ್ನು ಬೆಸೆದ ದೊಡ್ಡ ಕೆಲಸವೊಂದು ಕೂಡ ವಿದ್ಯಾರ್ಥಿಯೊಬ್ಬನದೇ. 1937ರಲ್ಲಿ ಎಂಐಟಿಯ ಕ್ಲಾಡ್ ಶ್ಯಾನನ್ ತನ್ನ ಮಾಸ್ಟರ್ಸ್ ಥೀಸಿಸ್‌ನಲ್ಲಿ, ರಿಲೇ (ವಿದ್ಯುತ್ತಿನಿಂದ ತೆರೆದು ಮುಚ್ಚುವ ಸ್ವಿಚ್) ಸರ್ಕ್ಯೂಟ್‌ಗಳನ್ನು ಒಂದು, ಸೊನ್ನೆಗಳ ಬೂಲಿಯನ್ ಬೀಜಗಣಿತದಲ್ಲಿ ಬರೆಯಬಹುದು ಎಂದು ತೋರಿಸಿದ. ಡಿಜಿಟಲ್ ಸರ್ಕ್ಯೂಟ್ ಸರಳ ಮಾಡುವ ಕಾರ್ನಾ ಮ್ಯಾಪ್ ಎಂಬ ಚೌಕಗಳ ಪಟ್ಟಿ ಬಿಡಿಸುವಾಗ ನನಗೆ ಇದು ನೆನಪಾಗುತ್ತಿತ್ತು. ಸುಮ್ನೆ ಒಂದು, ಸೊನ್ನೆ ತುಂಬುತ್ತಿದ್ದೇನೆ ಅನಿಸುತ್ತಿರಲಿಲ್ಲ.

ಲ್ಯಾಬ್‌ಗೆ ನನ್ನದೊಂದು ರೂಢಿ ಇತ್ತು. ಮೊದಲು ಕಾಗದದ ಮೇಲೆ ಅಂದಾಜು, ಆಮೇಲೆ ಸಿಮ್ಯುಲೇಟರ್, ಕೊನೆಗೆ ಬಿಡಿಭಾಗ ಚುಚ್ಚಿ ಸರ್ಕ್ಯೂಟ್ ಕಟ್ಟುವ ಬ್ರೆಡ್‌ಬೋರ್ಡ್. ಮೂರರಲ್ಲೂ ಉತ್ತರ ಒಂದೇ ಬರುವುದು ಅಪರೂಪ. ವ್ಯತ್ಯಾಸ ಎಲ್ಲಿಂದ ಬಂತು ಎಂದು ಹುಡುಕದೆ ರೆಕಾರ್ಡ್ ಬರೆಯುತ್ತಿರಲಿಲ್ಲ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಮೇಲೆ ಬರೆದ ಕೆಪಾಸಿಟನ್ಸ್‌ಗೂ (ಚಾರ್ಜ್ ಹಿಡಿಯುವ ಅಳತೆ) ನಿಜಕ್ಕೂ ಒಳಗಿರುವುದಕ್ಕೂ 20% ತನಕ ವ್ಯತ್ಯಾಸ ಇರುವುದು ಮಾಮೂಲಿ. ಕೆಲವು ಬಗೆಯ ಸೆರಾಮಿಕ್ ಕೆಪಾಸಿಟರ್‌ಗಳಲ್ಲಿ ಡಿಸಿ ವೋಲ್ಟೇಜ್ ಜಾಸ್ತಿಯಾದಂತೆ ಕೆಪಾಸಿಟನ್ಸ್ ಇಳಿಯುತ್ತದೆ. ಸಿಮ್ಯುಲೇಟರ್‌ನ ಸಾಮಾನ್ಯ ಕೆಪಾಸಿಟರ್‌ಗೆ ಇದೆಲ್ಲ ಗೊತ್ತಿರುವುದಿಲ್ಲ ಅಲ್ವಾ?

ಎಲೆಕ್ಟ್ರೋಮ್ಯಾಗ್ನೆಟಿಕ್ಸ್‌ಗೆ ಮಾತ್ರ ನನ್ನ ಪುಟ್ಟ ಸರ್ಕ್ಯೂಟ್ ಸಾಲಲಿಲ್ಲ. ಅಲ್ಲಿ ತಂತಿಯ ಉದ್ದವೇ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ 10 ಮೀಟರ್ ಕೋಆಕ್ಸಿಯಲ್ ಕೇಬಲ್‌ಗೆ ಚಿಕ್ಕ ಪಲ್ಸ್ ಕಳಿಸಿದೆ. ಸುಮಾರು 100 ನ್ಯಾನೋಸೆಕೆಂಡ್ ಆದಮೇಲೆ, ತುದಿಗೆ ಹೋಗಿ ಮರಳಿದ ಅದರ ಪ್ರತಿಫಲನ ಸ್ಕೋಪ್‌ನಲ್ಲಿ ಕಂಡಿತು. ಅದು 50 ಓಮ್ ಕೇಬಲ್, ಅಂದರೆ ಸಾಗುವ ಪಲ್ಸ್‌ಗೆ 50 ಓಮ್ ರೆಸಿಸ್ಟರ್‌ನಂತೆ ಕಾಣುವಂಥದ್ದು. ತುದಿಗೆ 50 ಓಮ್ ರೆಸಿಸ್ಟರ್ ಹಾಕಿದ ಕೂಡಲೇ ಪ್ರತಿಫಲನ ಹೋಯಿತು. ಅದೇ ದಿನ ಟ್ರಾನ್ಸ್‌ಮಿಷನ್ ಲೈನ್ ಪಾಠವನ್ನು ಮೊದಲಿನಿಂದ ಓದಲು ಕೂತೆ.