ನಮ್ಮ ಓಣಿಯೊಳಗ ಹೊರಗಿನವರ ಗಾಡಿ ನಿಲ್ಲಿಸೋದು ಹೆಂಗ ಕಮ್ಮಿ ಆತು: ನನ್ನ ಅನುಭವ

ಬಳ್ಳಾರಿ ಗಾಂಧಿನಗರದ ಕಡೆ ನಮ್ಮದೊಂದು ಸಣ್ಣ ಓಣಿ ಐತ್ರಿ, ಆ ತುದಿಗೆ ದಾರಿ ಇಲ್ಲ, ಒಳಗಿರೋ ಮನೆಯವರಿಗೇ ಸೇರಿದ ರಸ್ತೆ. ಓಣಿ ಬಾಯಿಗೆ ದೊಡ್ಡ ಬೇವಿನ ಮರ, ಹಿಂದಿನ ರಸ್ತೆಗೆ ಕಲ್ಯಾಣ ಮಂಟಪ. ಏಪ್ರಿಲ್, ಮೇ ಬಂತಂದ್ರ ಇಲ್ಲಿ ಬಿಸಿಲು ಎಂಥದ್ದಂತ ಗೊತ್ತೇ ಐತಿ, ಮದುವಿ ಮುಹೂರ್ತಾನೂ ಆವಾಗೇ ಜಾಸ್ತಿ, ಹಂಗಾಗಿ ನಮ್ಮ ಬಳ್ಳಾರಿ ನಂಬರಿನ ಕೆಎ 34 ಕಾರು, ಅನಂತಪುರ ಗುಂತಕಲ್ ಕಡೆಯಿಂದ ಬಂದ ಎಪಿ ಕಾರು ಎಲ್ಲಾ ನಮ್ಮ ಮರದ ಕೆಳಗೇ.

ಎದುರು ಮನಿ ಅಜ್ಜಿಗೆ ಒಂದಿನ ಉಸಿರು ಕಟ್ಟಿತು, ಆಟೋ ಒಳಗ ಬರಲಿಕ್ಕೆ ಜಾಗ ಇಲ್ಲ, ಪ್ಲಾಸ್ಟಿಕ್ ಕುರ್ಚಿ ಮ್ಯಾಲ ಕೂಡಿಸಿ ಮೇನ್ ರೋಡ್ ತನಕ ಹೊತ್ಕೊಂಡು ಹೋದ್ವಿ. ಓಣಿ ಹುಡುಗರು ಸಿಟ್ಟಿಗೆದ್ದು ಟೈರ್ ಗಾಳಿ ಬಿಡ್ತೀವಿ ಅಂತ ನಿಂತರು. ನಾ ಬ್ಯಾಡ ಅಂದೆ. ಗಾಳಿ ಬಿಟ್ರ ಆ ಕಾರು ಇನ್ನೂ ಹೊತ್ತು ಅಲ್ಲೇ ನಿಲ್ಲುತ್ತ, ಮ್ಯಾಲೆ ಕೇಸ್ ನಮ್ಮ ಮ್ಯಾಲೇ ಬರುತ್ತ.

ಮೊದಲು ಕಾಗದ ತೆಗೆದ್ವಿ. ಎಲ್ಲರ ಕ್ರಯಪತ್ರದ ಚಕ್ಕುಬಂದಿ, ಅಂದ್ರ ಜಾಗದ ನಾಲ್ಕೂ ದಿಕ್ಕಿನ ಗಡಿ ನೋಡಿ, ಲೇಔಟ್ ನಕ್ಷೆ ನೋಡಿ, ರಸ್ತೆ ಪಾಲಿಕೆಗೆ ಬಿಟ್ಟುಕೊಟ್ಟೈತೋ ಇಲ್ಲೋ ವಿಚಾರಿಸಿದ್ವಿ. ಇದು ಭಾಳ ಮುಖ್ಯ ರೀ, ಪಾಲಿಕೆಗೆ ಕೊಟ್ಟಿದ್ರ ಅದು ಸಾರ್ವಜನಿಕ ರಸ್ತೆ, ನಾವು ನೀವು ಚೈನು, ಗೇಟು ಹಾಕಂಗಿಲ್ಲ, ಟ್ರಾಫಿಕ್ ಪೊಲೀಸರಿಗೇ ಹೇಳಬೇಕು. 1988ರ ಮೋಟಾರು ವಾಹನ ಕಾಯ್ದೆಯೊಳಗ ಗಾಡಿ ಎಳ್ಕೊಂಡು ಹೋಗೋ ಅಧಿಕಾರ ಇರೋದು ಸಾರ್ವಜನಿಕ ಜಾಗಕ್ಕ. ಖಾಸಗಿ ಅಂದ್ರ ಟ್ರಾಫಿಕ್ ಅಲ್ಲ, ಲಾ ಆಂಡ್ ಆರ್ಡರ್ ಸ್ಟೇಷನ್, ಅಂದ್ರ ನಮ್ಮ ಏರಿಯಾದ ಮಾಮೂಲಿ ಪೊಲೀಸ್ ಸ್ಟೇಷನ್ ಕಡೆ ಹೋಗಬೇಕು. ಬೇಕಂತಲೇ ನಿಮ್ಮ ದಾರಿ ಕಟ್ಟಿದ್ರ ಭಾರತೀಯ ನ್ಯಾಯ ಸಂಹಿತೆ 126ನೇ ಕಲಂ ಐತಿ, ಒಂದು ತಿಂಗಳ ತನಕ ಸಾದಾ ಜೈಲು ಇಲ್ಲಾ 5000 ರೂಪಾಯಿ ತನಕ ದಂಡ, ಇಲ್ಲಾ ಎರಡೂ. ತುರ್ತು ಇದ್ರ 112.

ನಮ್ಮದು ಖಾಸಗಿ ಅಂತ ಖಾತ್ರಿ ಆದ ಮ್ಯಾಲೆ ಎರಡು ಕಬ್ಬಿಣದ ಪೈಪ್ ಕಾಂಕ್ರೀಟ್ ಹಾಕಿ ನಿಲ್ಲಿಸಿ ನಡುವೆ ಚೈನು ಕಟ್ಟಿದ್ವಿ. ಬೀಗ ಇಲ್ಲ, ಬರೀ ಕೊಕ್ಕೆ. ಬೀಗ ಇಲ್ಲದ ಚೈನು ಯಾಕ ಅಂತ ಭಾಳ ಮಂದಿ ಕೇಳಿದ್ರು. ಹೊರಗಿನವರು ಎಸಿ ಕಾರಿಂದ ಇಳಿದು ಕೊಕ್ಕೆ ಬಿಚ್ಚಿ ಒಳಗ ಬರಂಗಿಲ್ಲ, ಅದೇ ಆಂಬುಲೆನ್ಸಿನವರು, ಗ್ಯಾಸ್ ಸಿಲಿಂಡರ್ ಹುಡುಗ ಒಂದು ಕೈಯಾಗ ಬಿಚ್ಚತಾರ. ರಾತ್ರಿ ಬೈಕಿನವರಿಗೆ ಕಾಣ್ಲಿ ಅಂತ ಚೈನಿಗೆ ಹೊಳೆಯೋ ಕೆಂಪು ಸ್ಟಿಕ್ಕರ್ ಸುತ್ತಿದ್ವಿ, ಇದನ್ನ ಮಾತ್ರ ಬಿಡಬ್ಯಾಡ್ರಿ. ಬೋರ್ಡು ಕನ್ನಡ, ತೆಲುಗು ಎರಡರೊಳಗೂ ಬರಿಸಿದ್ವಿ.

ಆದ್ರ ಗಾಡಿ ಎಲ್ಲಿಗಾದ್ರೂ ಹೋಗಬೇಕಲ್ಲ. ಮಂಟಪದ ಮ್ಯಾನೇಜರ್ ಹತ್ರ ಹೋಗಿ, ಪಕ್ಕದ ಖಾಲಿ ಸೈಟಿನ ಮಾಲೀಕರನ್ನೂ ಕರೆಸಿ ಕೂತು ಮಾತಾಡಿದ್ವಿ. ಸೈಟಿನ ಜಾಲಿ ಮುಳ್ಳು ಕಡಿಸಿ ಪಾರ್ಕಿಂಗ್ ಮಾಡಿದ್ರು, ಆದ್ರೂ ಯಾರೂ ಹೋಗಲಿಲ್ಲ, ಬಿಸಿಲು. ಆಮ್ಯಾಲೆ ಅಲ್ಲಿ ಒಂದು ಸಾಲು ಶಾಮಿಯಾನ ಹಾಕಿಸಿ ಮುಹೂರ್ತದ ದಿನ ಸೀಟಿ ಕೊಟ್ಟು ವಾಚ್‌ಮನ್ ನಿಲ್ಲಿಸಿದ್ರು, ಆವಾಗ ಕಾರು ತಾವೇ ಆ ಕಡೆ ತಿರುಗಿದ್ವು.

ಈಗಲೂ ಯಾರೋ ಒಬ್ಬರು ಓಣಿ ಬಾಯಿಗೆ ನಿಲ್ಲಿಸಿ ಹೋಗ್ತಾರ, ಅಂಥವರಿಗೆ ವೈಪರ್ ಕೆಳಗ ಚೀಟಿ ಇಡ್ತೀವಿ: "ಒಳಗ ವಯಸ್ಸಾದವರು ಅದಾರ, ದಯವಿಟ್ಟು ದಾರಿ ಬಿಡ್ರಿ, ಪಾರ್ಕಿಂಗ್ ಮಂಟಪದ ಪಕ್ಕ ಐತಿ."