ಎಳೆಯುವುದು ಬಿಟ್ಟೆ, ಬಾಗಿಲು ತೆರೆಯಿತು

ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಇದು ನನ್ನ ಆರನೇ ಚಳಿಗಾಲ. ಗ್ಯಾರೇಜ್ ಇಲ್ಲ, ಕಾರು ಬೀದಿಯಲ್ಲೇ ಮಲಗುತ್ತದೆ. ಆದರೂ ಈ ಸಲ ಐಸ್ ಕಟ್ಟಿ ಕಾರಿನ ಬಾಗಿಲು ಕಚ್ಚಿಕೊಂಡದ್ದು ಒಂದೇ ಸಲ, ಬಾಗಿಲಿನ ರಬ್ಬರಿಗೆ ಗ್ರೀಸ್ ಸವರಿದ್ದರಿಂದ. "ಗ್ರೀಸ್ ಸವರಿದರೆ ಐಸ್ ಹೆದರಿ ಓಡುತ್ತಾ?" ಎಂದು ನಕ್ಕವರೇ ಈಗ ಟ್ಯೂಬ್ ಕೇಳಿಕೊಂಡು ಬರುತ್ತಿದ್ದಾರೆ.

ಮೊದಲ ವರ್ಷ ಮೈನಸ್ 25 ಡಿಗ್ರಿಯಲ್ಲಿ ಜೋರಾಗಿ ಎಳೆದೆ. ಹಿಡಿ ಕೈಗೇ ಬಂತು. ಸುಮಾರು 300 ಡಾಲರ್ ಹೋಯಿತು. ಆಮೇಲೆ ಬಿಸಿನೀರು ಸುರಿದೆ. ಬಾಗಿಲೇನೋ ತೆರೆಯಿತು, ಗಾಜು ಸೀಳದೆ ಉಳಿದದ್ದು ನನ್ನ ಪುಣ್ಯ. ಸಂಜೆ ಆಫೀಸಿನಿಂದ ಬಂದರೆ ಅದೇ ನೀರು ಬೀಗದೊಳಗೆ ಇಳಿದು ಕಲ್ಲಾಗಿತ್ತು. ಡಿಕ್ಕಿಯಿಂದ ತೂರಿಕೊಂಡು ಒಳಗೆ ಹೋದೆ, ದಪ್ಪ ಜಾಕೆಟ್ ಸಮೇತ. ಇನ್ನೊಂದು ಸಲ ಬಾಗಿಲಂಚಿನ ರಬ್ಬರ್ ಪಟ್ಟಿ ಕಿತ್ತು, ಏಪ್ರಿಲ್‌ವರೆಗೂ ಹೈವೇಯಲ್ಲಿ ಗಾಳಿಯ ಸೀಟಿ ಕೇಳಿಸಿಕೊಂಡೆ.

ಕೊಬ್ಬರಿ ಎಣ್ಣೆಯನ್ನೂ ನೋಡಿದ್ದಾಯಿತು. ನಮ್ಮೂರಲ್ಲಿ ಡಿಸೆಂಬರ್‌ಗೇ ಬಾಟಲಿಯಲ್ಲಿ ಗಟ್ಟಿಯಾಗುವ ಎಣ್ಣೆ ಅದು, ಇಲ್ಲಿ ಏನಾಗುತ್ತದೆ ಎಂದು ಮೊದಲೇ ಹೊಳೆಯಬೇಕಿತ್ತು ಅಲ್ವಾ? ರಬ್ಬರ್ ಮೇಲೆ ಮೇಣ ಮೆತ್ತಿದ ಹಾಗಾಯಿತು.

ಈಗ ಅಕ್ಟೋಬರ್ ಕೊನೆಯಲ್ಲಿ ಒಂದು ಬಿಸಿಲಿನ ದಿನ ನೋಡಿ ಕೂರುತ್ತೇನೆ. ರಬ್ಬರನ್ನು ಸೋಪು ನೀರಲ್ಲಿ ಒರೆಸಿ ಪೂರ್ತಿ ಒಣಗಿಸಬೇಕು. ಎಲ್ಲರೂ ಎಡವುವುದು ಇಲ್ಲೇ: ಒದ್ದೆ ರಬ್ಬರಿಗೇ ಬಳಿದು, ಗ್ರೀಸನ್ನು ಬೈಯುತ್ತಾರೆ. ಆಮೇಲೆ ಸಿಲಿಕೋನ್ ಗ್ರೀಸನ್ನು ಬೆರಳಲ್ಲಿ ತೆಳ್ಳಗೆ ಸವರುತ್ತೇನೆ, ಅದು ತಾಗುವ ಲೋಹಕ್ಕೂ. ಹತ್ತು ಡಾಲರಿನ ಟ್ಯೂಬ್, ಡಿಕ್ಕಿಯೂ ಸೇರಿ ಎರಡು ಚಳಿಗಾಲಕ್ಕೆ ಆಗುತ್ತದೆ. ನೀರು ನಿಲ್ಲುವ ಕೆಳಗಿನ ಮೂಲೆಗೆ ಬೇರೆ ಉಪಾಯ ಇದೆ. ಅದನ್ನು ಹೇಳುವುದಿಲ್ಲ, ಊರಿನ ಕಾಫಿಪುಡಿ ತಂದವರಿಗೆ ನೋಡೋಣ.

ಮಳೆ ಬಿದ್ದಲ್ಲೇ ಹೆಪ್ಪುಗಟ್ಟಿದ ಒಂದು ದಿನ ಗ್ರೀಸೂ ಸೋತಿತು. ಆಗಲೂ ಎಳೆಯಲಿಲ್ಲ. ಬಾಗಿಲಿಗೆ ಸೊಂಟ ಆನಿಸಿ, ಅಂಚಿನ ಸುತ್ತ ಒಳಕ್ಕೆ ಒತ್ತುತ್ತಾ ಹೋದೆ. ಪಟಪಟ ಸದ್ದು ಬಂದರೆ ಐಸ್ ಒಡೆಯಿತು ಎಂದೇ ಲೆಕ್ಕ. ಹಟ ಮಾಡಿದ ಕಡೆ ಎರಡು ಪಾಲು ರಬ್ಬಿಂಗ್ ಆಲ್ಕೋಹಾಲ್ (ಗಾಯ ಒರೆಸುವ ಸ್ಪಿರಿಟ್), ಒಂದು ಪಾಲು ನೀರಿನ ಸ್ಪ್ರೇ. ಐದು ನಿಮಿಷದ ಕೆಲಸ.

ಸ್ಪ್ರೇ ಬಾಟಲಿ ಈಗ ಮನೆಯಲ್ಲಿ ಚಪ್ಪಲಿ ಸ್ಟ್ಯಾಂಡಿನ ಮೇಲಿರುತ್ತದೆ. ಮೊದಲ ಸಲ ಮಾಡಿದಾಗ ಕಾರಿನೊಳಗೇ ಇಟ್ಟಿದ್ದೆ!