ತಂಗಡಿಯಿಂದ ಟ್ಯಾನಿನ್ ತೆಗೆದರೆ ಏನು ಉಳಿಯುತ್ತದೆ?

ಶಿರಾ, ಮಧುಗಿರಿ ಕಡೆಯ ಹೊಲದ ಬದುಗಳಲ್ಲಿ ತಂಗಡಿ ಗಿಡಕ್ಕೆ ಬರವಿಲ್ಲ. ಆವರಿಕೆ ಅಂತಲೂ ಕರೆಯುತ್ತಾರೆ. ಅದರ ಹಳದಿ ಹೂವಿನ ಕಷಾಯ ಶುಗರ್‌ಗೆ ಒಳ್ಳೆಯದು ಎಂದು ಕುಡಿಯುವವರು ಬೇಕಾದಷ್ಟು ಜನ ಇದ್ದಾರೆ. ತುಮಕೂರಿನಲ್ಲಿ ಎಂಎಸ್ಸಿ ಮಕ್ಕಳಿಗೆ ಪಾಠ ಮಾಡುವ ನಾನು, ಎಲೆಯ ಸತ್ವ ಬ್ಯಾಕ್ಟೀರಿಯಾವನ್ನು ತಡೆಯುತ್ತದೆಯೇ ಎಂದು ನೋಡುವ ಪ್ರಾಜೆಕ್ಟಿಗೆ ಈ ಗಿಡವನ್ನೇ ಆರಿಸಿದೆ. "ಸಿದ್ದರಬೆಟ್ಟಕ್ಕೆ ಹೋಗೋಣ ಮೇಡಂ, ಅಲ್ಲಿ ಮೂಲಿಕೆ ಜಾಸ್ತಿ" ಎಂದು ಮಕ್ಕಳು ಹಟ ಹಿಡಿದರು. ಕಾಡಿನಿಂದ ಕೀಳಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅಪರೂಪದ ಗಿಡವನ್ನು ಸುಮ್ನೆ ಕಿತ್ತು ಪುಡಿ ಮಾಡಲು ನನಗೆ ಮನಸ್ಸೂ ಇಲ್ಲ. ಬದುವಿನ ತಂಗಡಿ ಸಾಕು ಅಂದೆ.

ಎಲೆಯನ್ನು ತೊಳೆದು, ಪೇಪರಿನ ಮೇಲೆ ಹರಡಿ, ನೆರಳಲ್ಲಿ ಒಣಗಿಸಿದೆವು. ಬಿಸಿಲಿಗಿಟ್ಟರೆ ಬೇಗ ಒಣಗುತ್ತದೆ, ನಿಜ. ಆದರೆ ಕೆಲವು ಪದಾರ್ಥಗಳು ಬಿಸಿಗೆ ಕೆಡುತ್ತವೆ. ಚೀನಾದ ತು ಯೂಯೂ ಅವರ ಕೆಲಸ ಇದಕ್ಕೆ ಒಳ್ಳೆಯ ಸಾಕ್ಷಿ. ಮಲೇರಿಯಾಗೆ ಮದ್ದು ಹುಡುಕುತ್ತಿದ್ದ ಅವರು, ಹಳೆಯ ವೈದ್ಯಗ್ರಂಥವೊಂದರಲ್ಲಿ ಸೊಪ್ಪನ್ನು ಕುದಿಸದೆ ತಣ್ಣೀರಲ್ಲಿ ನೆನೆಸಿ ಹಿಂಡುವ ವಿಧಾನ ಓದಿದರು. 1971ರಲ್ಲಿ ಕಡಿಮೆ ಬಿಸಿಗೇ ಆವಿಯಾಗುವ ಈಥರ್ ಬಳಸಿ ಸತ್ವ ತೆಗೆದರು. ಆರ್ಟಿಮಿಸಿನಿನ್ ಸಿಕ್ಕಿದ್ದು ಆ ದಾರಿಯಲ್ಲಿ. 2015ರಲ್ಲಿ ನೊಬೆಲ್ ಕೂಡ ಬಂತು.

ಸತ್ವ ತೆಗೆಯಲು ನಾವು ಬಳಸಿದ್ದು ಮೆಥನಾಲ್ ಎಂಬ ಆಲ್ಕೋಹಾಲ್. ಮಿಕ್ಸಿಯಲ್ಲಿ ಪುಡಿ ಮಾಡಿ, ನೆನೆಸಿ, ಆಗಾಗ ಅಲುಗಾಡಿಸಿ, ಸೋಸಿದೆವು. ಮೆಥನಾಲ್ ಕುದಿಯುವುದು ಸುಮಾರು 65 ಡಿಗ್ರಿಗೆ. ದ್ರಾವಕವನ್ನು ಆವಿಯಾಗಿಸುವ ರೋಟರಿ ಇವ್ಯಾಪೊರೇಟರ್ ಯಂತ್ರದಲ್ಲಿ ಒತ್ತಡ ಇಳಿಸಿದರೆ 40 ಡಿಗ್ರಿ ಆಸುಪಾಸಿನಲ್ಲೇ ಆವಿಯಾಗುತ್ತದೆ. ಕೊನೆಗೆ ಕಡು ಹಸಿರು ಬಣ್ಣದ ಅಂಟು ಉಳಿಯಿತು. ಅದನ್ನು ನೋಡಿದ ನಮ್ಮ ಅಟೆಂಡರ್, "ಮೇಡಂ, ನಮ್ಮ ಮನೆಯವರಿಗೆ ಶುಗರ್ ಇದೆ, ಸ್ವಲ್ಪ ಕೊಡ್ತೀರಾ?" ಎಂದು ಕೇಳಿದರು. ಮೆಥನಾಲ್ ವಿಷ, ಕಣ್ಣೇ ಹೋಗುತ್ತದೆ ಎಂದು ಕೂರಿಸಿ ಹೇಳಬೇಕಾಯಿತು. ಲ್ಯಾಬಿನ ಸತ್ವ ಬೇರೆ, ಅಡುಗೆಮನೆಯ ಕಷಾಯ ಬೇರೆ.

ಇನ್ನು ಪರೀಕ್ಷೆ. ಅಗರ್ ಎಂಬ ಜೆಲ್ಲಿ ತುಂಬಿದ ತಟ್ಟೆಯ ಮೇಲೆ ಬ್ಯಾಕ್ಟೀರಿಯಾ ಹರಡಿ, 6 ಮಿಲಿಮೀಟರ್ ಗುಳಿ ಕೊರೆದು, ಅದಕ್ಕೆ ಸತ್ವ ಹಾಕಿ, 37 ಡಿಗ್ರಿಯಲ್ಲಿ ರಾತ್ರಿಯಿಡೀ ಇಡುವುದು. ಈ ಅಗರ್ ಬರುವುದು ಸಮುದ್ರದ ಕೆಂಪು ಪಾಚಿಯಿಂದ. ತುಮಕೂರಲ್ಲಿ ಕೂತರೂ ಕಡಲಿನ ಪದಾರ್ಥ ಇಲ್ಲದೆ ನಮ್ಮ ಲ್ಯಾಬಿನ ಒಂದು ದಿನವೂ ನಡೆಯುವುದಿಲ್ಲ, ಅಲ್ವಾ! ಜೆಲಟಿನ್ ಎಂಬ ಪ್ರೋಟೀನಿನ ಜೆಲ್ಲಿಯಾದರೆ 37 ಡಿಗ್ರಿಗೆ ಕರಗಿ ನೀರಾಗುತ್ತದೆ, ಅಗರ್ ಕರಗುವುದಿಲ್ಲ.

ಬೆಳಿಗ್ಗೆ ನೋಡಿದರೆ ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾದ ತಟ್ಟೆಯಲ್ಲಿ ಗುಳಿಯ ಸುತ್ತ ಅಗಲವಾದ ಖಾಲಿ ವೃತ್ತ, ಅಂದರೆ ಅಲ್ಲಿ ಬ್ಯಾಕ್ಟೀರಿಯಾ ಬೆಳೆದಿಲ್ಲ. ಇ. ಕೋಲೈ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ತಟ್ಟೆಯಲ್ಲಿ ಹೆಚ್ಚೇನೂ ಇಲ್ಲ. ಇ. ಕೋಲೈಗೆ ಹೊರಗೊಂದು ಪೊರೆ ಜಾಸ್ತಿ ಇರುವುದರಿಂದ ಅದು ಸುಲಭಕ್ಕೆ ಬಗ್ಗುವುದಿಲ್ಲ. ಮಕ್ಕಳು ಕುಣಿದಾಡಿದರು. ರಿಪೋರ್ಟ್ ಬರೆದುಬಿಡೋಣ ಎಂಬ ಆತುರ.

ನನಗೆ ಅನುಮಾನ ಇದ್ದದ್ದು ತಂಗಡಿಯ ಹಳೆಯ ಕಸುಬಿನ ಮೇಲೆ. ಇದರ ತೊಗಟೆಯನ್ನು ಚರ್ಮ ಹದ ಮಾಡಲು ಬಳಸುತ್ತಿದ್ದರು, ಟ್ಯಾನಿನ್ ಎಂಬ ಒಗರು ಪದಾರ್ಥ ಅಷ್ಟು ತುಂಬಿದೆ. ಟ್ಯಾನಿನ್ ಪ್ರೋಟೀನನ್ನು ಕಂಡಲ್ಲಿ ಹಿಡಿಯುತ್ತದೆ. ಚರ್ಮದಲ್ಲಿ ಹಿಡಿದರೆ ಚರ್ಮ ಕೊಳೆಯುವುದಿಲ್ಲ. ಎಂಜಲಲ್ಲಿ ಹಿಡಿದರೆ ಬಾಯಿ ಒಗರು. ತಟ್ಟೆಯಲ್ಲಿ ಬ್ಯಾಕ್ಟೀರಿಯಾದ ಪ್ರೋಟೀನನ್ನೂ ಹಿಡಿಯುತ್ತದೆ. ಯಾವುದೋ ಒಂದು ಗುರಿಗೆ ಹೊಡೆಯುವ ಔಷಧಿಯ ಗುಣ ಅಲ್ಲ ಇದು. ಸಿಕ್ಕಿದ್ದಕ್ಕೆಲ್ಲ ಅಂಟಿಕೊಳ್ಳುವ ಸ್ವಭಾವ.

ಟ್ಯಾನಿನ್ ಇದೆಯೇ ಎಂದು ನೋಡಲು ಫೆರಿಕ್ ಕ್ಲೋರೈಡ್ ಹನಿ ಹಾಕಿದೆವು. ಸತ್ವ ಕಪ್ಪಾಯಿತು. ಅಂದರೆ ಟ್ಯಾನಿನ್ ಧಾರಾಳವಾಗಿದೆ. ಟ್ಯಾನಿನ್ ತೆಗೆಯಲು ಸತ್ವದ ಒಂದು ಪಾಲನ್ನು ನೀರಲ್ಲಿ ಕರಗಿಸಿ, ಉಪ್ಪು ಬೆರೆಸಿದ ಜೆಲಟಿನ್ ದ್ರಾವಣವನ್ನು ಹನಿಹನಿಯಾಗಿ ಬಿಟ್ಟೆವು. ಒಡೆದ ಹಾಲಿನಂತೆ ಗರಣೆ ಕಟ್ಟಿತು. ಇನ್ನು ಗರಣೆ ಕಟ್ಟದು ಅನ್ನುವವರೆಗೂ ಹಾಕಿ ಸೋಸಿದೆವು. ಆಮೇಲೆ ಅದೇ ತಟ್ಟೆಯಲ್ಲಿ ಮೂಲ ಸತ್ವ, ಟ್ಯಾನಿನ್ ತೆಗೆದ ಸತ್ವ, ಬರೀ ಜೆಲಟಿನ್-ಉಪ್ಪು, ಬರೀ ದ್ರಾವಕ, ಒಂದು ಆ್ಯಂಟಿಬಯಾಟಿಕ್ ಅಂತ ಬೇರೆ ಬೇರೆ ಗುಳಿಗೆ ಹಾಕಿದೆವು. ಬರೀ ಜೆಲಟಿನ್ ಗುಳಿ ಬಹಳ ಮುಖ್ಯ, ಜೆಲಟಿನ್-ಉಪ್ಪೇ ಬ್ಯಾಕ್ಟೀರಿಯಾಗೆ ಏನಾದರೂ ಮಾಡುತ್ತಿದೆಯೇ ಎಂದು ಗೊತ್ತಾಗುವುದು ಅದರಿಂದ. ಅದಿಲ್ಲದಿದ್ದರೆ ಫಲಿತಾಂಶವನ್ನು ಯಾರೂ ನಂಬಬೇಕಾಗಿಲ್ಲ.

ಟ್ಯಾನಿನ್ ತೆಗೆದ ಗುಳಿಯ ಸುತ್ತ ವೃತ್ತ ತೀರಾ ಕಿರಿದಾಯಿತು. ಪೂರ್ತಿ ಹೋಗಲಿಲ್ಲ. ನನಗೆ ಆಸಕ್ತಿ ಇರುವುದು ಆ ಉಳಿದ ಚೂರಿನಲ್ಲಿ. ಮಕ್ಕಳ ಮುಖ ಸಪ್ಪೆಯಾಯಿತು, ಆದರೆ ರಿಪೋರ್ಟ್ ಚೆನ್ನಾಯಿತು.

ತಟ್ಟೆಯ ವೃತ್ತದಿಂದ ಔಷಧಿಯವರೆಗಿನ ದಾರಿ ಎಷ್ಟು ಉದ್ದ ಎಂದು ಅವರಿಗೆ ಕಡಲಿನ ಉದಾಹರಣೆಯನ್ನೇ ಕೊಟ್ಟೆ. 1950ರ ಆಸುಪಾಸಿನಲ್ಲಿ ಬರ್ಗ್‌ಮನ್ ಎಂಬ ವಿಜ್ಞಾನಿ ಕೆರಿಬಿಯನ್ ಕಡಲಿನ ಸ್ಪಂಜಿನಲ್ಲಿ ವಿಚಿತ್ರವಾದ ನ್ಯೂಕ್ಲಿಯೋಸೈಡ್‌ಗಳನ್ನು, ಅಂದರೆ ಡಿಎನ್‌ಎ ಕಟ್ಟುವ ತುಣುಕುಗಳನ್ನು ಹೋಲುವ ಪದಾರ್ಥಗಳನ್ನು, ಕಂಡರು. ಅವುಗಳಲ್ಲಿ ಮಾಮೂಲಿಯಾಗಿ ಇರುವ ಸಕ್ಕರೆಯ ಜಾಗದಲ್ಲಿ ಅರಾಬಿನೋಸ್ ಎಂಬ ಬೇರೆ ಸಕ್ಕರೆ ಇತ್ತು. ಆ ಮಾದರಿ ಹಿಡಿದು ರಸಾಯನಶಾಸ್ತ್ರಜ್ಞರು ಸೈಟರಬಿನ್ ಎಂಬ ಮದ್ದು ತಯಾರಿಸಿದರು. ಕ್ಯಾನ್ಸರ್ ಜೀವಕೋಶ ಡಿಎನ್‌ಎ ಕಟ್ಟುವಾಗ ಇದು ನಡುವೆ ಸೇರಿ ಕೆಲಸ ಕೆಡಿಸುತ್ತದೆ. ಅಮೆರಿಕದಲ್ಲಿ 1969ರಲ್ಲಿ ಒಪ್ಪಿಗೆ ಸಿಕ್ಕಿತು, ರಕ್ತದ ಕ್ಯಾನ್ಸರ್‌ಗೆ ಇಂದಿಗೂ ಕೊಡುತ್ತಾರೆ. ಸ್ಪಂಜನ್ನು ಅರೆದು ಕುಡಿಸಿದ್ದಲ್ಲ. ಎಲ್ಲರ ಮನೆ ಮುಂದಿನ ನಿತ್ಯಪುಷ್ಪದಿಂದ ಬರುವ ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಮದ್ದಿನ ಕಥೆಯೂ ಹೀಗೇ: ರಾಶಿಗಟ್ಟಲೆ ಎಲೆಗೆ ಚಿಟಿಕೆಯಷ್ಟು ಮದ್ದು, ಅದೂ ರಕ್ತನಾಳದ ಮೂಲಕ ಅಳೆದು ಕೊಡಬೇಕು.

ಈಗ ನಮ್ಮಲ್ಲಿ ಯಾವ ಗಿಡ ತಂದರೂ ಮೊದಲು ಫೆರಿಕ್ ಕ್ಲೋರೈಡ್, ಆಮೇಲೆ ತಟ್ಟೆ. ಮುಂದಿನ ಬ್ಯಾಚಿಗೆ ಹೊಂಗೆ ಬೀಜ ಒಣಗಿಸಿ ಇಟ್ಟಿದ್ದೇನೆ. ಅದರ ಎಣ್ಣೆಯಲ್ಲಿ ಕರಂಜಿನ್ ಎಂಬ ಪದಾರ್ಥ ಇದೆ, ಅದನ್ನು ಹರಳಾಗಿ ಬೇರ್ಪಡಿಸಬಹುದು. ಒಂದೇ ಪದಾರ್ಥ ಕೈಯಲ್ಲಿದ್ದರೆ ಕೇಳುವ ಪ್ರಶ್ನೆಯೂ ನೇರವಾಗಿರುತ್ತದೆ.